ಅವ್ವನ ಕೀಮೋ ಮುಗಿಯುವವರೆಗೂ ಬಳಸಿದ ಆಪ್: ಹೇಗಿತ್ತು?

ಅವ್ವ ಇರುವುದು ಪಾಂಡವಪುರದ ಹತ್ತಿರ ನಮ್ಮೂರಲ್ಲಿ, ನಾನು ಕೆಲಸದ ಸಲುವಾಗಿ ಮೈಸೂರಲ್ಲಿ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಕೀಮೋ ಶುರುವಾಯಿತು. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಮನೆಯಲ್ಲಿ 14 ದಿನ ಕ್ಯಾಪೆಸಿಟಬಿನ್ ಮಾತ್ರೆ, ಆಮೇಲೆ 7 ದಿನ ಬಿಡುವು. ಡ್ರಿಪ್ ಒಂದೇ ದಿನದ್ದು. ಮಿಕ್ಕ ಕಷ್ಟವೆಲ್ಲ ಮನೆಯಲ್ಲೇ ಅಲ್ವಾ? ಅದಕ್ಕೇ ಆಸ್ಪತ್ರೆಯವರು ಫೋನಿಗೆ ಒಂದು ಆಪ್ ಹಾಕಿಕೊಟ್ಟರು.

ದಿನಾ ಬೆಳಿಗ್ಗೆ ಅದು ವಾಂತಿ, ಭೇದಿ, ಬಾಯಿ ಹುಣ್ಣು, ಸುಸ್ತು, ಜೋಮು, ಜ್ವರ ಅಂತ ಒಂದೊಂದಾಗಿ ಕೇಳುತ್ತದೆ. ಇಲ್ಲ, ಸ್ವಲ್ಪ, ಜಾಸ್ತಿ, ತಡೆಯೋಕಾಗಲ್ಲ, ಇಷ್ಟರಲ್ಲಿ ಒಂದನ್ನು ಒತ್ತಬೇಕು. ಜಾಸ್ತಿ ಅಂತ ಒತ್ತಿದರೆ ಸಿಸ್ಟರ್‌ಗೆ ಮೆಸೇಜ್ ಹೋಗುತ್ತದೆ, ಅವರೇ ಫೋನ್ ಮಾಡುತ್ತಾರೆ.

ನಾನು ಕೇಳಿದರೆ ಅವ್ವನದು ಯಾವಾಗಲೂ ಒಂದೇ ಉತ್ತರ: "ಏನೂ ಇಲ್ಲ ಕಣ್ ಮಗಾ, ಚೆಂದಾಗಿವ್ನಿ." ಡಾಕ್ಟರ ಮುಂದೆಯೂ ಅದೇ. ಆದರೆ ತಣ್ಣಗಿನದು ಮುಟ್ಟಿದರೆ ಕೈ ಜೋಮು ಹಿಡಿಯುತ್ತಾ ಅಂತ ಆಪ್ ಕೇಳಿದಾಗ, ಬೆಳಗಿನ ಹೊತ್ತು ಸ್ಟೀಲ್ ಚೊಂಬು ಹಿಡಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗಾಗುತ್ತೆ ಅಂದಳು. ಆಕ್ಸಾಲಿಪ್ಲಾಟಿನ್ ಹಾಗೇ ಮಾಡುತ್ತದಂತೆ. ಕೈಗೆ ಗ್ಲೌಸ್ ಹಾಕಿಸಿ, ಕುಡಿಯೋಕೆ ಬೆಚ್ಚಗಿನ ನೀರೇ ಕೊಡಿ ಅಂದರು ಸಿಸ್ಟರ್. ಜೋಮು ಮುಂದಿನ ಡ್ರಿಪ್ ಬಂದರೂ ಹೋಗಲಿಲ್ಲ. ಆಪ್‌ನಲ್ಲಿದ್ದ ಗ್ರಾಫ್ ನೋಡಿಯೇ ಡಾಕ್ಟರು ಡೋಸ್ ಇಳಿಸಿದರು. ಅಂಗೈ, ಅಂಗಾಲು ಕೆಂಪಾದಾಗಲೂ ಅಷ್ಟೇ. ಫೋಟೋ ಕಳಿಸಿದೆವು, ಚರ್ಮ ಸುಲಿಯುವ ಮೊದಲೇ ಮಾತ್ರೆ ಕೆಲವು ದಿನ ನಿಲ್ಲಿಸಿದರು.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಹೀಗೆ ಕಂಪ್ಯೂಟರ್ ಮೂಲಕ ತೊಂದರೆ ತಿಳಿಸುತ್ತಿದ್ದವರಲ್ಲಿ ಅರ್ಧದಷ್ಟು ಜನ 31 ತಿಂಗಳಿಗೂ ಹೆಚ್ಚು ಬದುಕಿದ್ದರು. ಮಾಮೂಲಿ ರೀತಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಅದು 26 ತಿಂಗಳು. ಅಲ್ಲಿಯೂ ಮೆಸೇಜ್ ನೋಡಲು ನರ್ಸ್‌ಗಳಿದ್ದರು.

ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಒಂದು ರಾತ್ರಿ ಅವ್ವನಿಗೆ ಜ್ವರ 100.4 ದಾಟಿತು. ಆಪ್‌ನಲ್ಲಿ ಹಾಕಿದರೆ "ನಿಮ್ಮ ಮಾಹಿತಿ ತಲುಪಿದೆ" ಅಂತ ಬಂತು, ಅಷ್ಟೇ. ಸಂಜೆ ಮೇಲೆ ಅದನ್ನು ನೋಡುವವರೇ ಇರಲಿಲ್ಲ. ಕೀಮೋದಲ್ಲಿ ಬಿಳಿ ರಕ್ತಕಣ ಕಡಿಮೆಯಾಗಿರುವಾಗ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿಕೊಂಡು ಸುಮ್ನೆ ಮಲಗುವ ಹಾಗೂ ಇಲ್ಲ. ಊರಲ್ಲಿರುವ ನನ್ನ ತಮ್ಮ ಆಸ್ಪತ್ರೆಯ ಎಮರ್ಜೆನ್ಸಿ ನಂಬರಿಗೆ ಫೋನ್ ಮಾಡಿ, ಕಾರು ಮಾಡಿಕೊಂಡು ಮೈಸೂರಿಗೆ ಕರೆತಂದ. ಆ ರಾತ್ರಿಯೇ ಆಂಟಿಬಯಾಟಿಕ್ ಶುರುವಾಯಿತು. "ತಲುಪಿದೆ" ಅನ್ನುವ ಬದಲು "ಈಗಲೇ ಈ ನಂಬರಿಗೆ ಫೋನ್ ಮಾಡಿ" ಅಂತ ಕೆಂಪಕ್ಷರದಲ್ಲಿ ಬರಬೇಕಿತ್ತು. ಇದನ್ನು ಆಸ್ಪತ್ರೆಗೆ ಬರೆದುಕೊಟ್ಟಿದ್ದೇನೆ.

ಅವ್ವನಿಗೆ ಓದು ಬರಲ್ಲ, ತಮ್ಮನ ಹೆಂಡತಿ ಓದಿ ಹೇಳಬೇಕಿತ್ತು. ಪ್ರಶ್ನೆಗಳು ಧ್ವನಿಯಲ್ಲಿ ಬಂದರೆ ಊರಿನವರಿಗೆ ತುಂಬಾ ಅನುಕೂಲ. ನೆಟ್‌ವರ್ಕ್ ಇಲ್ಲದಿದ್ದರೂ ಉತ್ತರ ಉಳಿದು ಆಮೇಲೆ ಹೋಗುತ್ತದೆ, ಅದು ಚೆನ್ನಾಗಿದೆ.

5ಕ್ಕೆ 4 ಕೊಡುತ್ತೇನೆ. ಹಾಕಿಸಿಕೊಳ್ಳುವ ಮೊದಲು ಮೆಸೇಜ್ ಯಾರು ನೋಡುತ್ತಾರೆ, ರಾತ್ರಿ ಮತ್ತು ಭಾನುವಾರ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ ಬರೆಸಿಕೊಳ್ಳಿ. ನಿಮ್ಮ ಆಸ್ಪತ್ರೆಯಲ್ಲಿ ಇಂಥ ಆಪ್ ಇಲ್ಲದಿದ್ದರೆ ಇದೇ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದು ಡಾಕ್ಟರಿಗೆ ತೋರಿಸಿ.