ಕ್ಯಾಮೆರಾಕ್ಕೆ ಲೆದರ್ ಹಾಫ್ ಕೇಸ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಹೊಸ ಕ್ಯಾಮೆರಾ ಕೈಗೆ ಬಂದ ವಾರದಲ್ಲೇ ಬಹಳ ಜನ ಹುಡುಕುವ ವಸ್ತು ಲೆದರ್ ಹಾಫ್ ಕೇಸ್. ಕ್ಯಾಮೆರಾದ ತಳ ಮತ್ತು ಕೆಳಗಿನ ಅರ್ಧಕ್ಕೆ ಕೂರುವ ಕಂದು ಕವರ್ ಅದು. ನೋಡಲು ಚೆಂದ, ಕೈಗೂ ಹಿತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಾವಿ ಕಡೆಯ ಮಳೆಯಲ್ಲಿ, ಬಾಗಲಕೋಟೆ-ವಿಜಯಪುರದ ಧೂಳಿನಲ್ಲಿ ಓಡಾಡಿ ಫೋಟೋ ತೆಗೆಯುವವರು ದಯವಿಟ್ಟು ತಗೋಬೇಡಿ. ಈಗಾಗಲೇ ತಗೊಂಡಿದ್ದರೆ ಕ್ಯಾಮೆರಾಕ್ಕೆ ಹಾಕಿಟ್ಟು ಮರೆಯಬೇಡಿ. ನನ್ನ ಕ್ಯಾಮೆರಾ ಒಮ್ಮೆಯೂ ಕೈಜಾರಿ ಬೀಳಲಿಲ್ಲ. ಆದರೂ ರಿಪೇರಿಗೆ ಹೋಯಿತು. ಕಾರಣ ಅದನ್ನು ಕಾಪಾಡಲಿ ಅಂತ ಹಾಕಿದ್ದ ಕೇಸ್.

ನನ್ನದು ಫ್ಯೂಜಿಫಿಲ್ಮ್ ಎಕ್ಸ್-ಟಿ30, ಬೆಳ್ಳಿ ಬಣ್ಣದ್ದು. ಬ್ಯಾಟರಿ, ಕಾರ್ಡ್ ಸೇರಿ 383 ಗ್ರಾಂ. ಹಗುರವಾದ ಕ್ಯಾಮೆರಾ, ಹಾಗೇ ಹಿಡಿಕೆಯೂ ಚಿಕ್ಕದು. ಕೈ ದೊಡ್ಡದಿದ್ದರೆ ಕಿರುಬೆರಳಿಗೆ ಜಾಗ ಸಿಗುವುದಿಲ್ಲ. ಕೇಸ್ ಹುಡುಕಿದ್ದು ಅದಕ್ಕೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರ ಪುಟದಲ್ಲಿ ಅಸಲಿ ಚರ್ಮ, ಕೈಹೊಲಿಗೆ, ಬ್ಯಾಟರಿ ಬಾಗಿಲಿಗೆ ಬೇರೆ ಕಿಂಡಿ ಅಂತೆಲ್ಲ ಬರೆದಿತ್ತು. ನಮ್ಮ ಕಡೆ ಮಳೆ ಜಾಸ್ತಿ, ನಡೆಯುತ್ತಾ ಅಂತ ಮೆಸೇಜ್ ಮಾಡಿ ಕೇಳಿದೆ. 'ಆರಾಮಾಗಿ ಹಾಕಿ ಸರ್, ಏನೂ ಆಗಲ್ಲ' ಅಂತ ಉತ್ತರ ಬಂತು. ಬೆಲೆ ಎರಡು ಸಾವಿರದ ಒಳಗೆ. ಪೆಟ್ಟಿಗೆ ತೆರೆದಾಗ ಘಮ್ಮೆನ್ನುವ ಚರ್ಮದ ವಾಸನೆಯೂ ಇತ್ತು. ಆ ವಾಸನೆಯನ್ನು ಸ್ಪ್ರೇ ಮಾಡಿ ಕಳಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ಈ ಕೇಸ್ ಕ್ಯಾಮೆರಾಕ್ಕೆ ಹೇಗೆ ಕೂರುತ್ತದೆ ಅನ್ನುವುದು ಗೊತ್ತಿರಬೇಕು. ತೊಂದರೆಗಳೆಲ್ಲ ಅಲ್ಲಿಂದಲೇ ಶುರು. ಕ್ಯಾಮೆರಾದ ತಳದಲ್ಲಿ ಟ್ರೈಪಾಡಿಗೆ ಒಂದು ತೂತು ಇರುತ್ತದಲ್ಲ, ಕಾಲಿಂಚಿನ ಸ್ಕ್ರೂ ಹೋಗುವಂಥದ್ದು, ಕೇಸನ್ನು ಅದಕ್ಕೇ ಬಿಗಿಯುತ್ತಾರೆ. ಸ್ಕ್ರೂ ತಲೆಯಲ್ಲಿ ನಾಣ್ಯ ಕೂರುವ ಗೀರು. ಎಕ್ಸ್-ಟಿ30ರಲ್ಲಿ ಬ್ಯಾಟರಿಯೂ ಕಾರ್ಡೂ ತಳದ ಒಂದೇ ಬಾಗಿಲಿನ ಒಳಗೆ. ಆ ಬಾಗಿಲು ಟ್ರೈಪಾಡ್ ತೂತಿನ ಪಕ್ಕದಲ್ಲೇ ಇದೆ. ಕೇಸಿನಲ್ಲಿ ಕಿಂಡಿ ಏನೋ ಇತ್ತು, ಆದರೆ ಅಂಚು ಅಡ್ಡ ಬಂದು ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು. ಬ್ಯಾಟರಿ ಹೊರಗೆ ಬರುತ್ತಿರಲಿಲ್ಲ.

ಇದರ ಬಿಸಿ ತಟ್ಟಿದ್ದು ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಬನದ ಹುಣ್ಣಿಮೆ ಜಾತ್ರೆಯಲ್ಲಿ. ಈ ಕ್ಯಾಮೆರಾ ಒಂದು ಬ್ಯಾಟರಿಗೆ ಸುಮಾರು 380 ಫೋಟೋ ಕೊಡುತ್ತದೆ ಅಂತ ಕಂಪನಿಯ ಲೆಕ್ಕ. ಜಾತ್ರೆಯಲ್ಲಿ ಅಷ್ಟು ಮಧ್ಯಾಹ್ನದೊಳಗೇ ಮುಗಿಯುತ್ತದೆ. ಸುತ್ತ ಉಧೋ ಉಧೋ, ಗಾಳಿಯಲ್ಲೆಲ್ಲ ಭಂಡಾರ. ಒಬ್ಬ ಅಜ್ಜಿ ತಲೆ ಮೇಲೆ ಕೊಡ ಹೊತ್ತು, ಮೈಯೆಲ್ಲ ಅರಿಶಿನವಾಗಿ, ಕಣ್ಣು ಮುಚ್ಚಿಕೊಂಡು ನಡೆದು ಬರುತ್ತಿದ್ದರು. ಆಗಲೇ ಬ್ಯಾಟರಿ ಹೋಯಿತು. ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇತ್ತು. ಆದರೆ ಅದನ್ನು ಹಾಕಲು ಮೊದಲು ನಾಣ್ಯ ಹುಡುಕಬೇಕು, ಸ್ಕ್ರೂ ಬಿಚ್ಚಬೇಕು, ಕೇಸ್ ಕಳಚಬೇಕು. ಆ ನೂಕುನುಗ್ಗಲಿನಲ್ಲಿ ಅದು ಆಗುವ ಮಾತಲ್ಲ. ನಾನು ತಲೆ ಎತ್ತುವ ಹೊತ್ತಿಗೆ ಅಜ್ಜಿ ದಾಟಿ ಹೋಗಿದ್ದರು. ಮದುವೆ ಫೋಟೋ ತೆಗೆಯುವವರು ಇದನ್ನು ಯೋಚಿಸಿ. ಅಕ್ಷತೆ ಬೀಳುವ ಹೊತ್ತಿಗೆ ಕಾರ್ಡ್ ತುಂಬಿದರೆ ನಾಣ್ಯ ಹುಡುಕುತ್ತಾ ಕೂರಲು ಆಗುತ್ತಾ?

ಮನೆಗೆ ಬಂದು ಕೇಸ್ ಕಳಚಿದಾಗ ಕಂಡಿದ್ದು ಇನ್ನೂ ಬೇಸರದ್ದು. ಕೇಸಿನ ಒಳಗೆ ಮೆತ್ತನೆಯ ಕಂದು ಬಟ್ಟೆ ಅಂಟಿಸಿರುತ್ತಾರೆ, ಕ್ಯಾಮೆರಾಕ್ಕೆ ಗೀರು ಬೀಳದಿರಲಿ ಅಂತ. ಆ ಬಟ್ಟೆಯ ತುಂಬ ಅರಿಶಿನ, ಅದರ ಜತೆ ಸಣ್ಣ ಮಣ್ಣಿನ ಕಾಳು. ಕ್ಯಾಮೆರಾದ ತಳದ ನಾಲ್ಕೂ ಮೂಲೆಯಲ್ಲಿ ಬಣ್ಣ ಮಂಕಾಗಿತ್ತು, ಸಣ್ಣ ಸಣ್ಣ ಗೀರು ಬಿದ್ದಿತ್ತು. ಕೇಸ್ ಎಷ್ಟೇ ಬಿಗಿಯಾಗಿ ಕೂತರೂ ಕೂದಲೆಳೆಯಷ್ಟು ಸಂದು ಇದ್ದೇ ಇರುತ್ತದೆ. ಧೂಳು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ನಡೆದಾಗಲೆಲ್ಲ ಕ್ಯಾಮೆರಾ ಒಂಚೂರು ಅಲುಗಾಡುತ್ತದೆ, ಬಟ್ಟೆಯಲ್ಲಿ ಸಿಕ್ಕಿಕೊಂಡ ಮಣ್ಣು ಪಾಲಿಶ್ ಪೇಪರಿನ ಹಾಗೆ ಉಜ್ಜುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲಿನ ಪುಡಿ, ವಿಜಯಪುರದ ಎರೆ ಹೊಲದ ಧೂಳು, ಯಾವುದಾದರೂ ಇದೇ ಕಥೆ. ಕೇಸ್ ಇಲ್ಲದಿದ್ದರೆ ಆ ಧೂಳನ್ನು ಬ್ರಷ್‌ನಿಂದ ಒಂದು ನಿಮಿಷದಲ್ಲಿ ಒರೆಸಿ ಬಿಡಬಹುದಿತ್ತು.

ಟ್ರೈಪಾಡ್ ವಿಷಯ ಪಟ್ಟದಕಲ್ಲಿನಲ್ಲಿ ಗೊತ್ತಾಯಿತು. ಇಳಿಹೊತ್ತಿನ ಬೆಳಕಿನಲ್ಲಿ ವಿರೂಪಾಕ್ಷ ಗುಡಿಯ ಹೊರಗೋಡೆಯ ಕೆತ್ತನೆ ತೆಗೆಯಲು ಒಂದೆರಡು ಸೆಕೆಂಡ್ ಶಟರ್ ತೆರೆದಿಡಬೇಕು. ಗುಡಿಯ ಆವರಣದ ಒಳಗೆ ಟ್ರೈಪಾಡಿಗೆ ಅನುಮತಿ ಬೇಕು, ಅದಕ್ಕೆ ಹೊರಗಿನಿಂದ ದೂರದ ಲೆನ್ಸ್ ಹಾಕಿ ತೆಗೆಯುತ್ತಿದ್ದೆ. ಕೇಸಿನ ತಳದಲ್ಲೂ ಒಂದು ತೂತು ಕೊಟ್ಟಿದ್ದರು, ಕೇಸ್ ಸಮೇತ ಟ್ರೈಪಾಡಿಗೆ ಹಾಕಬಹುದು ಅಂತ. ಫೋಟೋ ಒಂದೂ ಚೂಪಾಗಿ ಬರಲಿಲ್ಲ. ಕ್ಯಾಮೆರಾಕ್ಕೂ ಟ್ರೈಪಾಡಿಗೂ ನಡುವೆ ಮೆತ್ತನೆಯ ಪದರ ಬಂದರೆ ಅದು ಒತ್ತಿಕೊಂಡು ವಾಲುತ್ತದೆ. ಉದ್ದ ಲೆನ್ಸ್ ಇದ್ದರೆ ಮೂತಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿದರಂತೂ ಸ್ಕ್ರೂ ಸುತ್ತಲೇ ಜಾರುತ್ತದೆ. ತಳದಲ್ಲಿ ಗಟ್ಟಿ ಲೋಹದ ತಟ್ಟೆ ಇರುವ ಕೇಸುಗಳಲ್ಲಿ ಈ ತೊಂದರೆ ಕಡಿಮೆ. ಅಂಥವುಗಳ ಬೆಲೆ ಬೇರೆಯೇ ಇರುತ್ತದೆ.

ಸ್ಕ್ರೂ ಬಗ್ಗೆಯೂ ಹೇಳಿಬಿಡುತ್ತೇನೆ, ಇದನ್ನು ಯಾರೂ ನೋಡುವುದಿಲ್ಲ. ಕಾಲಿಂಚಿನ ಟ್ರೈಪಾಡ್ ಸ್ಕ್ರೂ ಕ್ಯಾಮೆರಾದ ಒಳಗೆ ಹೋಗುವ ಉದ್ದ 4.5 ಮಿಲಿಮೀಟರ್ ದಾಟಬಾರದು ಅಂತ ಐಎಸ್‌ಒ 1222 ಎಂಬ ಅಳತೆಯ ನಿಯಮ ಇದೆ. ಅಗ್ಗದ ಕೇಸಿನ ಸ್ಕ್ರೂ ಉದ್ದ ಇದ್ದು, ನಾಣ್ಯ ಹಾಕಿ ಜೋರಾಗಿ ತಿರುಗಿಸಿದರೆ ತೂತಿನ ತಳಕ್ಕೆ ಒತ್ತುತ್ತದೆ. ಆ ತೂತಿನ ಮರೆ, ಅಂದರೆ ಸ್ಕ್ರೂ ಹಿಡಿಯುವ ಸುತ್ತುಗೆರೆ ಹೋದರೆ ಕ್ಯಾಮೆರಾದ ತಳವನ್ನೇ ಬಿಚ್ಚಬೇಕಾಗುತ್ತದೆ. ಸ್ಕ್ರೂ ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯ 6 ಮಿಲಿಮೀಟರ್ ಬೋಲ್ಟ್ ಹಾಕಲು ಹೋಗಬೇಡಿ. ನೋಡಲು ಒಂದೇ ಥರ ಕಾಣುತ್ತದೆ. ಆದರೆ ಕಾಲಿಂಚು ಅಂದರೆ 6.35 ಮಿಲಿಮೀಟರ್, ಮರೆಯೂ ಬೇರೆ. ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಆದರೂ ಕ್ಯಾಮೆರಾ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ಮಳೆಗಾಲದಲ್ಲಿ. ಜುಲೈನಲ್ಲಿ ಜಾಂಬೋಟಿ ದಾರಿಯಲ್ಲಿ ಕಣಕುಂಬಿಗೆ ಹೋಗಿದ್ದೆವು, ಮಲಪ್ರಭೆ ಹುಟ್ಟುವ ಜಾಗಕ್ಕೆ. ಕ್ಯಾಮೆರಾ ಕೊಡೆಯ ಕೆಳಗೇ ಇತ್ತು. ಮೇಲೆ ಬಿದ್ದ ನಾಲ್ಕು ಹನಿಯನ್ನು ಆಗಾಗ ಟವೆಲಿನಲ್ಲಿ ಒರೆಸುತ್ತಲೇ ಇದ್ದೆ. ಆದರೆ ಒದ್ದೆ ಕೈ, ಮಂಜು, ಬದಿಯಿಂದ ಇಳಿದ ಪಸೆ ಎಲ್ಲ ಸೇರಿ ಕೇಸಿನ ಒಳಬಟ್ಟೆಗೆ ಹೋಗಿ ಕೂತಿತು. ಹೊರಗೆ ಮುಟ್ಟಿದರೆ ಒಣಗಿದ ಹಾಗೇ ಇತ್ತು. ನಮ್ಮ ಕಡೆ ಆ ತಿಂಗಳಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕೇಸಿನ ಒಳಗೆ ಸೇರಿದ ನೀರು ಎಲ್ಲಿಗೆ ಹೋಗಬೇಕು? ಎಕ್ಸ್-ಟಿ30ಗೆ ನೀರು ತಡೆಯುವ ಸೀಲ್ ಇಲ್ಲ. ಬ್ಯಾಟರಿ ಬಾಗಿಲು ಇಡೀ ರಾತ್ರಿ ಆ ಒದ್ದೆ ಬಟ್ಟೆಗೆ ಒತ್ತಿಕೊಂಡಿತ್ತು.

ಕ್ಯಾಮೆರಾ ಆನ್ ಆಗುವುದು, ಆಫ್ ಆಗುವುದು ಶುರುವಾಯಿತು. ಬೆಳಗಾವಿಯ ರಿಪೇರಿಯವರು ಕೇಸ್ ಕಳಚಿ ಟೇಬಲ್ ಮೇಲೆ ಇಟ್ಟರು. ಒಳಗೆ ಬಿಳಿ ಬೂಷ್ಟು. ಬೆಳ್ಳಿ ಬಣ್ಣದ ಅಂಚಿಗೆ ಒಳಬಟ್ಟೆಯ ಕಂದು ಬಣ್ಣ ಇಳಿದು ಕಲೆಯಾಗಿತ್ತು. ತಳದ ಸಣ್ಣ ಸ್ಕ್ರೂಗಳಿಗೆ ತುಕ್ಕು. ಬ್ಯಾಟರಿ ಕೂರುವ ಜಾಗದ ತಾಮ್ರದ ಪಟ್ಟಿಯ ಮೇಲೆ ಹಸಿರು ಪುಡಿ. 'ನೀರ ಮ್ಯಾಲಿಂದ ಹೋಗಿಲ್ರಿ ಸರ, ಬುಡದಿಂದ ಪಸಿ ಏರೇತಿ' ಅಂದರು. ಆಮೇಲೆ ಆ ಒದ್ದೆ ಕೇಸಿನ ಜತೆ ಒಂದೇ ಬ್ಯಾಗಿನಲ್ಲಿದ್ದ ಲೆನ್ಸ್ ತೆಗೆದು ಹಿಂದಿನಿಂದ ಟಾರ್ಚ್ ಹಾಕಿ ತೋರಿಸಿದರು. ಗಾಜಿನ ಒಳಗೆ ಅಂಚಿನಿಂದ ನಡುವಿಗೆ ಬಿಳಿ ಎಳೆ ಹರಡಿತ್ತು. ಫಂಗಸ್. ಅದು ಹಾಗೇ ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಎಷ್ಟು ಕ್ಲೀನ್ ಮಾಡಿದರೂ ಗುರುತು ಹೋಗುವುದಿಲ್ಲ. ರಿಪೇರಿ ಬಿಲ್ಲು ಕೇಸಿನ ಬೆಲೆಯ ಎಷ್ಟೋ ಪಟ್ಟು ಆಯಿತು.

ಅಸಲಿ ಚರ್ಮ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ಕೆಲವರು ಅಂದರು. ಅದನ್ನೂ ಕೇಳಿ ನೋಡೋಣ ಅಂತ ಅಥಣಿಯಲ್ಲಿ ಚಪ್ಪಲಿ ಮಾಡುವ ಒಬ್ಬ ಹಿರಿಯರಿಗೆ ಕೇಸ್ ತೋರಿಸಿದೆ. ನಮ್ಮ ಜಿಲ್ಲೆಗೆ ಚರ್ಮ ಹೊಸದಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಅದರಲ್ಲಿ ಸೇರಿದವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅವರು ದಿನಾ ಕೈಯಲ್ಲಿ ಹಿಡಿಯುವಂಥದ್ದು. ಕಾಕಾ ಕೇಸನ್ನು ತಿರುಗಿಸಿ, ಸುಲಿದ ಮೂಲೆಯನ್ನು ಉಗುರಿನಿಂದ ಎಬ್ಬಿಸಿದರು.

'ತಮ್ಮಾ, ಇದು ತೊಗಲ ಅಲ್ಲ. ಹಿಂದ ಅರಬಿ (ಬಟ್ಟೆ) ಐತಿ ನೋಡು. ಮ್ಯಾಲ ಪ್ಲಾಸ್ಟಿಕ್ ಬಳದಾರ.'

'ಖರೇ ತೊಗಲ ಇದ್ದಿದ್ರ ನಡೀತಿತ್ತೇನ್ ಕಾಕಾ?'

'ಏನ್ ನಡೀತದ? ಚಪ್ಲಿನ ಮಳಿಗಾಲದಾಗ ಎತ್ತಿಡ್ರಿ ಅಂತೀವಿ ನಾವು. ನೀ ಅದನ್ನ ಮಷಿನ್‌ಗೆ ಸುತ್ತಿ ಮಳ್ಯಾಗ ಒಯ್ತಿ.'

ನೂರಕ್ಕೆ ನೂರು ಸರಿ ಮಾತು. ಪಿಯು ಅನ್ನುವ ಪ್ಲಾಸ್ಟಿಕ್ ಲೇಪ ನಮ್ಮ ಬಿಸಿಲು, ತೇವಕ್ಕೆ ಒಂದೆರಡು ವರ್ಷದಲ್ಲಿ ಅಂಟಂಟಾಗಿ ಸುಲಿಯಲು ಶುರುವಾಗುತ್ತದೆ. ಅಸಲಿ ಚರ್ಮ ಸುಲಿಯುವುದಿಲ್ಲ, ಆದರೆ ಅದು ಗಾಳಿಯ ತೇವ ಹೀರಿ ಇಟ್ಟುಕೊಳ್ಳುತ್ತದೆ. ಅದರಲ್ಲಿರುವ ಎಣ್ಣೆ ಅಂಶ ಹಿತ್ತಾಳೆ ರಿವೆಟ್, ಗುಂಡಿಗೆ ತಾಗಿ ಹಸಿರು ಮೇಣದಂಥದ್ದು ಕಟ್ಟುತ್ತದೆ. ಹಳೇ ಫಿಲ್ಮ್ ಕ್ಯಾಮೆರಾವನ್ನು ವರ್ಷಗಟ್ಟಲೆ ಚರ್ಮದ ಕೇಸಿನಲ್ಲೇ ಇಟ್ಟಿದ್ದ ಮನೆಗಳಲ್ಲಿ ಇದನ್ನು ಕಾಣಬಹುದು. ಅಜ್ಜನ ಕ್ಯಾಮೆರಾ ಇದ್ದರೆ ಕೇಸಿನಿಂದ ತೆಗೆದು ಬೇರೆ ಇಡಿ.

ಇನ್ನೊಂದು ಮಾತು ಯೋಚಿಸಿ. ಕ್ಯಾಮೆರಾ ಬಿದ್ದರೆ ಒಡೆಯುವುದು ಏನು? ಲೆನ್ಸಿನ ಮುಂದಿನ ಅಂಚು, ಹಿಂದಿನ ಸ್ಕ್ರೀನ್, ಮೇಲಿನ ಡಯಲ್‌ಗಳು. ಹಾಫ್ ಕೇಸ್ ಇವು ಮೂರನ್ನೂ ಮುಚ್ಚುವುದಿಲ್ಲ. ಅದು ಮುಚ್ಚುವುದು ಎಲ್ಲಕ್ಕಿಂತ ಗಟ್ಟಿಯಾದ ತಳವನ್ನು. ಅದೇ ದುಡ್ಡಿಗೆ ಸ್ಕ್ರೀನಿಗೆ ಗಾಜಿನ ಗಾರ್ಡ್, ಲೆನ್ಸಿನ ಮುಂದಿನ ಅಂಚಿಗೆ ಹಾಕುವ ಹುಡ್, ಕೈಗೆ ಒಳ್ಳೆಯ ಸ್ಟ್ರಾಪ್ ಬರುತ್ತದೆ. ಹಿಡಿತ ಬೇಕು ಅಂದರೆ ಲೋಹದ ಹ್ಯಾಂಡ್ ಗ್ರಿಪ್ ಸಿಗುತ್ತದೆ. ಕೊಳ್ಳುವ ಮುಂಚೆ ಬ್ಯಾಟರಿ ಬಾಗಿಲು ಪೂರ್ತಿ ತೆರೆಯುತ್ತಾ ಅಂತ ಮಾತ್ರ ವಿಡಿಯೋ ಕಳಿಸಲು ಹೇಳಿ ನೋಡಿಕೊಳ್ಳಿ. ನಾನು ಈಗ ಅಂಥದ್ದೇ ಒಂದನ್ನು ಬಳಸುತ್ತಿದ್ದೇನೆ. ಕಿರುಬೆರಳಿಗೂ ಜಾಗ ಸಿಕ್ಕಿದೆ. ಮಳೆಗಾಲದಲ್ಲಿ ಕ್ಯಾಮೆರಾ, ಲೆನ್ಸ್ ಎರಡೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜತೆ, ಒಂದು ಚಿಕ್ಕ ತೇವಮಾಪಕ ಇಟ್ಟು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು.

ಮನೆಯಲ್ಲಿ, ಕಪಾಟಿನ ಮುಂದೆ, ಬೇಸಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಚೆಂದಕ್ಕೆ ಹಾಕುತ್ತೇನೆ ಅನ್ನುವವರ ಮಾತು ಬೇರೆ. ಅವರಿಗೆ ನನ್ನ ತಕರಾರಿಲ್ಲ. ರಾತ್ರಿ ಕಳಚಿಟ್ಟರೆ ಸಾಕು.

ಮಾರಾಟಗಾರರಿಗೆ ಬರೆದಾಗ ವಾಪಸ್ ಪಡೆಯುವ ಅವಧಿ ಮುಗಿದಿದೆ ಅಂದರು. ಅದನ್ನು ಕೇಳಿ ಸುಮ್ನೆ ಕೂರಬೇಡಿ. ಪ್ಲಾಸ್ಟಿಕ್ಕನ್ನು ಅಸಲಿ ಚರ್ಮ ಅಂತ ಮಾರಿದರೆ ಅದು ಸುಳ್ಳು ಹೇಳಿ ಮಾರಿದ ಹಾಗೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಅಂಗಡಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಾನು ಮಾಡಿದೆ. ಜತೆಗೆ ಪುಟದ ಸ್ಕ್ರೀನ್‌ಶಾಟ್, 'ಏನೂ ಆಗಲ್ಲ' ಅನ್ನುವ ಮೆಸೇಜ್, ಬಟ್ಟೆ ಕಾಣುವಂತೆ ಸುಲಿದ ಮೂಲೆಯ ಫೋಟೋ, ರಿಪೇರಿ ಬಿಲ್ಲು ಕೊಟ್ಟೆ. ಕೇಸಿನ ಹಣ ವಾಪಸ್ ಬಂದಿದೆ. ರಿಪೇರಿ ಖರ್ಚಿಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಹಾಕುತ್ತಿದ್ದೇನೆ. ಐದು ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ಇದೇ ಥರ ಕೇಸ್ ತಗೊಂಡು ಕೈಸುಟ್ಟುಕೊಂಡವರು ಇದ್ದರೆ ಬಿಲ್ಲು, ಫೋಟೋ ತೆಗೆದಿಟ್ಟುಕೊಳ್ಳಿ. ಕೇಸನ್ನು ಮಾತ್ರ ಬಿಸಾಡಬೇಡಿ, ಅದೇ ಸಾಕ್ಷಿ.