500 ಅಂತ ಬರೆದಿದೆ, ಸಿಗೋದು 350: ಫೆಂಡರ್ ರಂಬಲ್ 500 ಬೇಸ್ ಆ್ಯಂಪ್, ಬಹುಕಾಲ ಬಳಸಿದ ಮೇಲೆ

ರಂಬಲ್ 500 ಒಂದು ಕಾಂಬೋ, ಅಂದರೆ ಆ್ಯಂಪೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿ. ಅದರಲ್ಲಿ 10 ಇಂಚಿನ ಎರಡು ಸ್ಪೀಕರ್, ಮೇಲುಸ್ವರಕ್ಕೆ ಒಂದು ಟ್ವೀಟರ್ ಇವೆ. ತೂಕ ಹದಿನಾರೂವರೆ ಕಿಲೋ. ಒಬ್ಬರೇ ಎತ್ತಿಕೊಂಡು ಆಟೋ ಹತ್ತಬಹುದು. ಬೇಸ್ ಗಿಟಾರ್ ನುಡಿಸುವವರಿಗೆ ಇದು ಸಣ್ಣ ಸುಖವಲ್ಲ.

ಅಂಗಡಿಯಲ್ಲಿ ಎಲ್ಲರ ಕಣ್ಣು ಹೋಗುವುದು 500 ಅನ್ನುವ ಅಂಕಿಯ ಮೇಲೆ. ಒಳಗಿನ ಎರಡು ಸ್ಪೀಕರ್ ಸೇರಿ ಆ್ಯಂಪಿಗೆ ಒಡ್ಡುವ ವಿದ್ಯುತ್ ತಡೆ, ಅಂದರೆ ಲೋಡ್, 8 ಓಮ್ ಆಗುತ್ತದೆ, ಅದಕ್ಕೆ ಈ ಆ್ಯಂಪ್ ಕೊಡುವುದು 350 ವ್ಯಾಟ್. ಪೂರ್ತಿ 500 ಬೇಕಾದರೆ ಹಿಂದಿನ ಜ್ಯಾಕಿಗೆ ಇನ್ನೊಂದು 8 ಓಮ್ ಕ್ಯಾಬಿನೆಟ್ (ಬರೀ ಸ್ಪೀಕರ್ ಇರುವ ಪೆಟ್ಟಿಗೆ) ಸಿಕ್ಕಿಸಿ, ತಡೆಯನ್ನು ಅರ್ಧಕ್ಕಿಳಿಸಿ, ಒಟ್ಟು 4 ಓಮ್ ಮಾಡಬೇಕು. ಇದನ್ನು ಕಂಪನಿಯೇನೂ ಮುಚ್ಚಿಟ್ಟಿಲ್ಲ, ವಿವರಪಟ್ಟಿಯಲ್ಲೇ ಇದೆ, ಓದುವವರು ಕಮ್ಮಿ.

ಹಾಗಂತ 150 ವ್ಯಾಟ್ ಖೋತಾ ಆಯಿತೆಂದು ಕೊರಗಬೇಕಿಲ್ಲ. 350ಕ್ಕೂ 500ಕ್ಕೂ ಇರುವ ಅಂತರ ಬರೀ ಒಂದೂವರೆ ಡೆಸಿಬೆಲ್, ಬ್ಯಾಂಡಿನ ಗದ್ದಲದಲ್ಲಿ ಗೊತ್ತೇ ಆಗುವುದಿಲ್ಲ. ಎರಡನೇ ಕ್ಯಾಬಿನೆಟ್ಟಿನ ಅಸಲಿ ಲಾಭ ಬೇರೆ. ಅದೇ ಸರಣಿಯ 210 ಕ್ಯಾಬಿನೆಟ್ (10 ಇಂಚಿನ ಎರಡು ಸ್ಪೀಕರಿನದು) ಸೇರಿಸಿದರೆ ಗಾಳಿ ತಳ್ಳುವ ಕೋನ್‌ಗಳು ಎರಡರಿಂದ ನಾಲ್ಕಾಗುತ್ತವೆ, ಅದೊಂದರಿಂದಲೇ ಕೆಳಸ್ವರಗಳಲ್ಲಿ ಸುಮಾರು 3 ಡೆಸಿಬೆಲ್ ಏರುತ್ತದೆ. ಒಟ್ಟು ನಾಲ್ಕೂವರೆ. ಇಷ್ಟನ್ನು ಹಳೆಯ ಎರಡೇ ಸ್ಪೀಕರ್‌ಗಳಿಂದ ಹೊರಡಿಸಬೇಕೆಂದರೆ ಹತ್ತಿರ ಹತ್ತಿರ ಸಾವಿರ ವ್ಯಾಟ್ ಸುರಿಯಬೇಕು. ಅಷ್ಟು ಹೊತ್ತಿಗೆ ಸ್ಪೀಕರ್ ಸುಟ್ಟಿರುತ್ತದೆ. ಕೈಯಲ್ಲಿ ಕಾಸಿದ್ದರೆ ಮೊದಲು ಕ್ಯಾಬಿನೆಟ್, ಆಮೇಲೆ ವ್ಯಾಟ್.

ಸೇರಿಸುವ ಕ್ಯಾಬಿನೆಟ್ 8 ಓಮ್‌ನದೇ ಆಗಿರಬೇಕು. 4 ಓಮ್‌ನದು ಹಾಕಿದರೆ ಒಟ್ಟು ಲೋಡ್ 2.67 ಓಮ್‌ಗೆ ಇಳಿಯುತ್ತದೆ, ಇದು ಈ ಆ್ಯಂಪಿನ ಮಿತಿಯಿಂದ ಹೊರಗೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹಿಂದಿನ ಸ್ಟಿಕರ್ ನಂಬಬೇಡಿ, ಎಷ್ಟೋ ಕ್ಯಾಬಿನೆಟ್‌ಗಳಲ್ಲಿ ಸ್ಪೀಕರ್ ಬದಲಾಗಿರುತ್ತದೆ. ಕೇಬಲ್ ಹಾಕಿ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿಯಿರಿ: 8 ಓಮ್ ಕ್ಯಾಬಿನೆಟ್ ಆದರೆ ಐದೂವರೆಯಿಂದ ಆರೂವರೆ ತೋರಿಸುತ್ತದೆ, 4 ಓಮ್‌ನದು ಮೂರು, ಮೂರೂವರೆ. ಬಳಿಕ ಜಾಲರಿ ತೆಗೆದು ಕೋನ್ ಮೇಲೆ ನಾಲ್ಕು ಬೆರಳನ್ನು ಸುತ್ತಲೂ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಬರಬೇಕು. ಕರಕರ ಎಂದರೆ ಒಳಗಿನ ಕಾಯಿಲ್ ಬಿಸಿಗೆ ಉಬ್ಬಿಯೋ ಓರೆಯಾಗಿಯೋ ಉಜ್ಜುತ್ತಿದೆ ಎಂದರ್ಥ, ಆ ಮಾಲು ಬಿಟ್ಟು ಬನ್ನಿ. ಎರಡು ಕ್ಯಾಬಿನೆಟ್ ಜೋಡಿಸಿದಾಗ ಶಬ್ದ ಹೆಚ್ಚುವ ಬದಲು ತೆಳ್ಳಗಾದರೆ ಒಂದರ ವೈರು ಉಲ್ಟಾ ಇದೆ. ಒಂದೂವರೆ ವೋಲ್ಟ್ ಸೆಲ್ ತಾಗಿಸಿ ನೋಡಿ. ಎರಡರ ಕೋನ್‌ಗಳೂ ಒಂದೇ ದಿಕ್ಕಿಗೆ ಜಿಗಿಯಬೇಕು.

ಕೇಬಲ್ ವಿಷಯದಲ್ಲಿ ಜುಗ್ಗತನ ಬೇಡ. 4 ಓಮ್‌ಗೆ 500 ವ್ಯಾಟ್ ಹರಿಯುವಾಗ ವೈರಿನಲ್ಲಿ 11 ಆಂಪಿಯರ್ ಓಡುತ್ತದೆ. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಅದರೊಳಗಿನ ಎಳೆ ಕೂದಲಿನಂಥದ್ದು, ಬಿಸಿಯಾಗಿ ಕರಗಿ ಶಾರ್ಟ್ ಆಗುತ್ತದೆ. 1.5 ಚದರ ಮಿಲಿಮೀಟರ್‌ಗೆ ಕಮ್ಮಿಯಿಲ್ಲದ ಸ್ಪೀಕರ್ ವೈರು ಬಳಸಿ, ಆದಷ್ಟೂ ಗಿಡ್ಡ ಇರಲಿ.

ಇನ್ನು ನಾಬ್‌ಗಳು. ಬೇಸ್, ಲೋ-ಮಿಡ್, ಹೈ-ಮಿಡ್, ಟ್ರೆಬಲ್ ಎಂದು ನಾಲ್ಕಿವೆ, ಜೊತೆಗೆ ಬ್ರೈಟ್, ಕಾಂಟೂರ್, ವಿಂಟೇಜ್ ಎಂಬ ಮೂರು ಬಟನ್. ಕಾಂಟೂರ್ ಒತ್ತಿದರೆ ನಡುವಿನ ಸ್ವರಗಳು ತಗ್ಗಿ ಮೇಲೂ ಕೆಳಗೂ ಏರುತ್ತವೆ. ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಬಲು ಚೆಂದ. ಡ್ರಮ್ಸ್, ಕೀಬೋರ್ಡ್ ಜೊತೆ ಸೇರಿತೋ, ಬೇಸ್ ಎಲ್ಲಿ ಹೋಯಿತೆಂದು ಹುಡುಕಬೇಕು. ಆಗ ವಾಲ್ಯೂಮ್ ಏರಿಸುವುದು ದಂಡ. ಕಾಂಟೂರ್ ಬಿಡಿಸಿ ಲೋ-ಮಿಡ್ ಸ್ವಲ್ಪ ಎತ್ತಿ.

ಬೇಸ್ ನಾಬ್ ಪೂರ್ತಿ ತಿರುಗಿಸುವ ಚಟ ಇದ್ದವರಿಗೆ ಒಂದು ಲೆಕ್ಕ: 10 ಡೆಸಿಬೆಲ್ ಏರಿಸಿದರೆ ಆ ಸ್ವರಕ್ಕೆ ಹತ್ತು ಪಟ್ಟು ಪವರ್ ಬೇಕು. 30 ವ್ಯಾಟಿಗೆ ಸಾಗುತ್ತಿದ್ದದ್ದು 300 ಕೇಳುತ್ತದೆ. ನಾಲ್ಕು ತಂತಿಯ ಬೇಸಿನ ಖಾಲಿ ಇ ತಂತಿ 41 ಹರ್ಟ್ಸ್, ಐದು ತಂತಿಯದರ ಬಿ 31. ಪೋರ್ಟ್, ಅಂದರೆ ಗಾಳಿಕಿಂಡಿ, ಇರುವ ಇಂಥ ಪುಟ್ಟ ಕ್ಯಾಬಿನೆಟ್‌ಗಳು, ಯಾವ ಕಂಪನಿಯದೇ ಆಗಲಿ, ಆ ಆಳವನ್ನು ಪೂರ್ತಿ ಹೊರಡಿಸುವುದಿಲ್ಲ. ನಾವು ಕೇಳುವುದು ಬಹುಪಾಲು ಅದರ ಮೇಲೆ ಎರಡು ಪಟ್ಟಿನಲ್ಲಿರುವ 82, 62 ಹರ್ಟ್ಸ್‌ನ ಸ್ವರಾಂಶ. ಪೋರ್ಟನ್ನು ಹೊಂದಿಸಿದ ಸ್ವರಕ್ಕಿಂತ ಕೆಳಗೆ ಕೋನ್‌ಗೆ ಗಾಳಿಯ ತಡೆ ಸಿಗದೆ ಅದು ಬರಿದೇ ಹಾರಾಡುತ್ತದೆ, ಶಬ್ದ ಮಾತ್ರ ಬರುವುದಿಲ್ಲ. ಐದು ತಂತಿ ನುಡಿಸುವವರು 35–40 ಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುವ ಹೈಪಾಸ್ ಫಿಲ್ಟರ್ ಪೆಡಲ್ ಒಂದನ್ನು ಮುಂದೆ ಇಟ್ಟುಕೊಂಡರೆ ಸ್ಪೀಕರ್ ಬಾಳಿಕೆ ಬರುತ್ತದೆ, ಶಬ್ದವೂ ಬಿಗಿಯಾಗುತ್ತದೆ.

ಗಣೇಶೋತ್ಸವದ ಪೆಂಡಾಲಿನಲ್ಲಿ ಹಲಗೆ ವೇದಿಕೆಯ ಮೇಲೆ ಇಟ್ಟರೆ ಇಡೀ ವೇದಿಕೆಯೇ ಗುಂಯ್‌ಗುಡುತ್ತದೆ. ಗಟ್ಟಿ ಕುರ್ಚಿಯ ಮೇಲೋ ದಪ್ಪ ಫೋಮಿನ ಮೇಲೋ ಇಟ್ಟು ಕಿವಿಯ ಕಡೆ ಮುಖ ಮಾಡಿ. ಎರಡು ಕ್ಯಾಬಿನೆಟ್ ಇದ್ದರೆ ಅಕ್ಕಪಕ್ಕ ಬೇಡ, ಒಂದರ ಮೇಲೊಂದು. ಜನರಿಗೆ ಕೇಳಿಸುವ ಕೆಲಸ ಸೌಂಡಿನವರ ಸಬ್‌ವೂಫರ್‌ಗೆ ಬಿಡಿ: ಹಿಂದಿನ ಎಕ್ಸ್‌ಎಲ್‌ಆರ್ (ಮೈಕಿನ ಕೇಬಲಿನಂಥ ಮೂರು ಪಿನ್ನಿನ) ಲೈನ್ ಔಟ್‌ನಿಂದ ಮಿಕ್ಸರ್‌ಗೆ ಕೊಡಬೇಕು. ಗುಂಯ್ ಎನ್ನುವ ಹಮ್ ಬಂದರೆ ಅಲ್ಲೇ ಇರುವ, ಆ ಕೇಬಲಿನ ಗ್ರೌಂಡ್ ಬಿಡಿಸುವ ಗ್ರೌಂಡ್ ಲಿಫ್ಟ್ ಬಟನ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ಕಿತ್ತು ಹಾಕಬೇಡಿ. ಜನರೇಟರ್ ಲೈನಿನಲ್ಲಿ ಹಾಗೆ ಮಾಡಿ ಮೈಕಿಗೆ ತುಟಿ ತಾಗಿಸಿದರೆ ಜೀವಕ್ಕೇ ಸಂಚಕಾರ.

ನೂರಿನ್ನೂರು ಜನರ ಹಾಲ್, ಕೆಫೆ, ಅಭ್ಯಾಸದ ಕೋಣೆಗೆ ಕಾಂಬೋ ಒಂದೇ ಸಾಕು. ಜೋರು ಡ್ರಮ್ಮರ್ ಇರುವ ರಾಕ್ ಬ್ಯಾಂಡಿಗೆ ಎರಡನೇ ಕ್ಯಾಬಿನೆಟ್ ಬೇಕೇ ಬೇಕು. ಮನೆಯಲ್ಲಷ್ಟೇ ನುಡಿಸುವುದಾದರೆ ಇದೇ ಸರಣಿಯ 40 ವ್ಯಾಟಿನದು ಧಾರಾಳ. ಅಮೆರಿಕದಲ್ಲಿರುವ ನೆಂಟರಿಂದ ತರಿಸುವ ಯೋಚನೆಯಿದ್ದರೆ ಹಿಂದಿನ ಪ್ಲೇಟ್ ಓದಿಸಿ: 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230ಕ್ಕೆ ನೇರ ಹಾಕುವಂತಿಲ್ಲ, ಕನಿಷ್ಠ 1000 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಆ್ಯಂಪಿನ ಅರ್ಧಕ್ಕೆ ಬಂದೀತು.