ಮರ್ಲಿನ್ ಬರ್ಡ್ ಐಡಿ: ದುಃಖದ ದಿನಗಳಲ್ಲಿ ಕಿವಿಗೊಂದು ಕೆಲಸ

ಎಲ್ಲರ ಮನೆಯಲ್ಲೂ ಒಟ್ಟಿಗೇ ದುಃಖ ಇರುವಾಗ ಯಾರು ಯಾರಿಗೆ ಸಮಾಧಾನ ಹೇಳಬೇಕು? ಕೋವಿಡ್ ಕಾಲದಲ್ಲಿ ಹಾಗೇ ಆಗಿತ್ತು ಅಲ್ವಾ? ಫೋನ್ ತೆಗೆದರೆ ಸಾವಿನ ಸುದ್ದಿ, ಕೆಳಗಿಟ್ಟರೆ ಇನ್ನೇನಾಯಿತೋ ಅನ್ನುವ ಚಿಂತೆ. ಅದೇ ಫೋನಿನಲ್ಲಿ ನನಗೆ ಸ್ವಲ್ಪ ನೆಮ್ಮದಿ ಕೊಟ್ಟಿದ್ದು ಹಕ್ಕಿಗಳನ್ನು ಗುರುತಿಸಿ ಹೆಸರು ಹೇಳುವ ಈ ಮರ್ಲಿನ್ ಆಪ್. ಅಮೆರಿಕದ ಕಾರ್ನೆಲ್ ಲ್ಯಾಬ್ ಆಫ್ ಆರ್ನಿಥಾಲಜಿ ಅನ್ನುವ ಹಕ್ಕಿಗಳ ಅಧ್ಯಯನ ಕೇಂದ್ರದವರು ಮಾಡಿದ್ದು. ಪೂರ್ತಿ ಉಚಿತ, ಜಾಹೀರಾತಿನ ಕಾಟವೂ ಇಲ್ಲ.

ಇದರಲ್ಲಿ ನನಗೆ ಬೇಕಾಗಿದ್ದು 2021ರಲ್ಲಿ ಬಂದ ಸೌಂಡ್ ಐಡಿ, ಅಂದರೆ ದನಿ ಕೇಳಿಯೇ ಹಕ್ಕಿಯನ್ನು ಗುರುತಿಸುವ ಸೌಲಭ್ಯ. ಮೈಕ್ ಒತ್ತಿ ಸುಮ್ನೆ ನಿಂತರೆ ಸಾಕು. ಸುತ್ತಲಿನ ಸದ್ದು ಪರದೆಯ ಮೇಲೆ ಗೆರೆಗಳಾಗಿ ಹರಿಯುತ್ತದೆ. ಹಕ್ಕಿ ಕೂಗಿದರೆ ಅಲ್ಲೊಂದು ಕಪ್ಪು ಗೀಟು ಮೂಡುತ್ತದೆ, ಕೆಳಗೆ ಹೆಸರು, ಚಿತ್ರ ಬರುತ್ತವೆ. ಅದೇ ಹಕ್ಕಿ ಮತ್ತೆ ಕೂಗಿದಾಗ ಆ ಹೆಸರು ಹಳದಿಯಾಗಿ ಬೆಳಗುತ್ತದೆ. ಆಗ ತಾನಾಗಿಯೇ ತಲೆ ಎತ್ತಿ ಮರ ನೋಡುತ್ತೀರಿ, ಬರೀ ಗದ್ದಲ ಅನ್ನಿಸಿದ್ದರಲ್ಲಿ ಗುಬ್ಬಿ ಬೇರೆ, ಕಾಗೆ ಬೇರೆ, ಹೆಸರೇ ಗೊತ್ತಿರದ ಇನ್ನೊಂದು ಸಣ್ಣ ದನಿ ಬೇರೆ ಅಂತ ಕಿವಿ ಬಿಡಿಸಿಕೊಳ್ಳತೊಡಗುತ್ತದೆ, ಅಷ್ಟು ಹೊತ್ತು ತಲೆಯಲ್ಲಿ ಬೇರೇನೂ ಓಡುವುದಿಲ್ಲ.

ಜನ ಹೀಗೆ ನರಳುತ್ತಿರುವಾಗ ಹಕ್ಕಿ ಕೇಳುತ್ತಾ ನಿಲ್ಲುವುದು ಸರಿಯಾ ಅಂತ ಕೇಳುವವರಿದ್ದಾರೆ. ಖಂಡಿತ ಸರಿ. ಹಕ್ಕಿ ಕೇಳಿದ್ದಕ್ಕೆ ಹೋದವರ ನೆನಪು ಕಡಿಮೆಯಾಗಲಿಲ್ಲ. ಬಿಗಿಹಿಡಿದ ಎದೆ ಸ್ವಲ್ಪ ಸಡಿಲವಾಗಿ, ಅಳು ಬಂದಾಗ ಅಳುವುದಕ್ಕೆ ಬಿಡುವು ಸಿಕ್ಕಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರು 1,292 ಜನರಿಂದ ದಿನಕ್ಕೆ ಹಲವು ಸಲ ಉತ್ತರ ಪಡೆದು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಕ್ಕಿ ಕಂಡಾಗ ಅಥವಾ ಕೇಳಿದಾಗ ಮನಸ್ಸು ಹಗುರಾಗುತ್ತದೆ, ಖಿನ್ನತೆ ಇರುವವರಿಗೂ ಹಾಗೇ ಆಗುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ಓದಿ ನನಗೇನೂ ಆಶ್ಚರ್ಯ ಆಗಲಿಲ್ಲ.

ಬಳಸುವವರಿಗೆ ಒಂದು ಮಾತು. ನಿಮ್ಮ ಪ್ರದೇಶದ ಹಕ್ಕಿಗಳ ಪ್ಯಾಕ್ ಮೊದಲೇ ಇಳಿಸಿಕೊಳ್ಳಿ, ಆಮೇಲೆ ನೆಟ್ ಬೇಡ. ನಾನಂತೂ ಏರೋಪ್ಲೇನ್ ಮೋಡ್ ಹಾಕಿಯೇ ಕೇಳುತ್ತೇನೆ. ಇಲ್ಲದಿದ್ದರೆ ಹಕ್ಕಿ ಕೂಗುವ ಮಧ್ಯೆಯೇ ಮತ್ತೊಂದು ಸುದ್ದಿ ಬಂದು ಬೀಳುತ್ತದೆ.

ಆಪ್ ಹೇಳಿದ್ದೆಲ್ಲ ನಿಜ ಅಂತ ನಂಬಬೇಡಿ. ಗಾಳಿ, ವಾಹನದ ಸದ್ದು ಜಾಸ್ತಿ ಇದ್ದರೆ ಹೆಸರು ತಪ್ಪಬಹುದು. ಕಾಜಾಣದಂಥ ಹಕ್ಕಿ ಬೇರೆ ಹಕ್ಕಿಗಳ ದನಿಯನ್ನೇ ಅನುಕರಿಸುತ್ತದೆ, ಪಾಪ, ಆಪ್ ಏನು ಮಾಡೀತು. ಹೆಸರು ತಪ್ಪಿದರೂ ಕೇಳಿದ ದನಿ ನಿಮ್ಮದೇ. ಕಂಡ ಹಕ್ಕಿಗಳ ಪಟ್ಟಿ ಬೆಳೆಸುವ ಸೌಲಭ್ಯವೂ ಇದೆ. ಮನಸ್ಸು ಭಾರವಾಗಿರುವಾಗ ಅದರ ತಂಟೆಗೆ ಹೋಗಬೇಡಿ, ಲೆಕ್ಕ ಶುರುವಾದರೆ ಅದೂ ಒಂದು ಕೆಲಸದ ಹೊರೆ.

ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಮೊದಲು ವೈದ್ಯರನ್ನು ನೋಡಿ, ಆ ಜಾಗ ಆಪ್ ತುಂಬುವುದಿಲ್ಲ. ಧ್ಯಾನಕ್ಕೆ ಕೂತರೆ ಕಣ್ಣು ಮುಚ್ಚಿದೊಡನೆ ಕೆಟ್ಟ ಯೋಚನೆಗಳೇ ಬರುತ್ತವೆ ಅನ್ನುವವರಿಗೆ ಮಾತ್ರ ಈ ಆಪ್ ಬಳಸಿ ನೋಡಿ ಅಂತ ಧೈರ್ಯವಾಗಿ ಹೇಳುತ್ತೇನೆ. ಐದಕ್ಕೆ ಐದು ಸ್ಟಾರ್.